ಚೀಲಕ್ಕೆ ಹಾಕದ ಬೋರಮಾಳ

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುವ ಹೆಂಗಸರು ಮೊದಲು ನನ್ನ ಹಣೆ ನೋಡುತ್ತಾರೆ, ಆಮೇಲೆ ಕೊರಳು, ಆಮೇಲೆ ಕೈ. ಮೂರೂ ಬರಿದು. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ ಕೇಳುತ್ತಾರೆ, ಮನೆಯವರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡ ಬೈಲಹೊಂಗಲದ ಹತ್ತಿ ಫ್ಯಾಕ್ಟರಿಯಲ್ಲಿ ಫಿಟ್ಟರ್ ಇದ್ದಾರೆ, ಬೆಳಿಗ್ಗೆ ನಾಲ್ಕು ರೊಟ್ಟಿ ತಿಂದು ಕೆಲಸಕ್ಕೆ ಹೋಗಿದ್ದಾರೆ ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳುತ್ತಿದ್ದೆ. ಅವರು ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಬರಬರುತ್ತ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ.

ನಾವೇನು ಹೊಸದಾಗಿ ದೇವರನ್ನು ಕಂಡವರಲ್ಲ. ನನ್ನ ತವರು ಕಿತ್ತೂರಿನ ಹತ್ತಿರದ ಒಂದು ಹಳ್ಳಿ, ಮೂರು ತಲೆಮಾರಿನಿಂದ ಕ್ರೈಸ್ತರು. ನಮ್ಮ ಹಳೆಯ ಚರ್ಚಿನಲ್ಲಿ ಬಂಗಾರಕ್ಕೂ ದೇವರಿಗೂ ಜಗಳವೇ ಇರಲಿಲ್ಲ. ಶಿಲುಬೆ ಕೂರಿಸಿದ ತಾಳಿ, ಕರಿಮಣಿ, ಕೈತುಂಬ ಬಳೆ, ಎಲ್ಲ ಹಾಕಿಕೊಂಡೇ ಹೆಂಗಸರು ಆರಾಧನೆಗೆ ಬರುತ್ತಿದ್ದರು. ನನ್ನ ಅಜ್ಜಿ ಭಾನುವಾರ ತಪ್ಪದೆ ಬೋರಮಾಳ ಹಾಕುತ್ತಿದ್ದಳು, ಸಣ್ಣ ಬಾರಿಹಣ್ಣಿನಂಥ ಬಂಗಾರದ ಗುಂಡುಗಳನ್ನು ಪೋಣಿಸಿದ ಸರ. ಸ್ತೋತ್ರಕ್ಕೆ ಎದ್ದು ನಿಂತಾಗ ಅದು ಅವಳ ಎದೆಯ ಮೇಲೆ ಏಳುತ್ತ ಇಳಿಯುತ್ತ ಇರುವುದನ್ನು ನೋಡುತ್ತ ನಾನು ಹಾಡುವುದನ್ನೇ ಮರೆಯುತ್ತಿದ್ದೆ. ಅದು ಅಜ್ಜಿಯಿಂದ ಅವ್ವನಿಗೆ ಬಂತು. ನನ್ನ ಮದುವೆಯ ದಿನ ಅವ್ವ ಅದನ್ನು ನನ್ನ ಕೊರಳಿಗೆ ಹಾಕಿ, ಜೊತೆಗೆ ನಾಲ್ಕು ಪಾಟ್ಲಿ, ಬಂಗಾರದ ಅಗಲ ಬಳೆ, ಕೈಗೆ ಏರಿಸಿದಳು.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನನ್ನ ಗಂಡ ಕುಡಿಯುತ್ತಿದ್ದರು. ಹತ್ತಿಯ ಹಂಗಾಮಿನಲ್ಲಿ ಎರಡೆರಡು ಪಾಳಿ ದುಡಿಯುವುದು, ಹಂಗಾಮು ಮುಗಿದ ಮೇಲೆ ದುಡಿದದ್ದನ್ನು ಕುಡಿಯುವುದು. ನಮಗೆ ಮಕ್ಕಳಾಗಲಿಲ್ಲ. ಅತ್ತೆ ಒಬ್ಬರೇ ನಮ್ಮ ಜೊತೆ. ಹದಿನಾಲ್ಕು ವರ್ಷ ನಾನು ಚರ್ಚಿನಲ್ಲಿ ಮೊಣಕಾಲೂರಿ ಕುಡಿತ ಬಿಡಿಸು ಎಂದು ಕೇಳಿದೆ, ಆಗಲಿಲ್ಲ. ಕೊನೆಗೆ ಫ್ಯಾಕ್ಟರಿಯ ಗೆಳೆಯನೊಬ್ಬ ಇವರನ್ನು ಊರ ಹೊರಗಿನ ಒಂದು ಸಣ್ಣ ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದ. ಮೂರು ತಿಂಗಳಲ್ಲಿ ಕುಡಿತ ಬಿಟ್ಟರು. ಆಮೇಲೆ ಒಂದು ಹನಿ ಮುಟ್ಟಿಲ್ಲ. ನಾನು ಕೇಳಿದ ಕಡೆ ಕೊಡದೆ, ಕೇಳದ ಕಡೆ ಕೊಟ್ಟನಲ್ಲ ಎಂದು ದೇವರ ಮೇಲೆ ನನಗೆ ಒಂದು ಸಣ್ಣ ಮುನಿಸು ಉಳಿದೇ ಇದೆ.

ಆ ಪ್ರಾರ್ಥನಾ ಮನೆಯ ಪದ್ಧತಿ ಬೇರೆ. ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳುವ ದಿನ ಹೆಂಗಸರು ಮೈಮೇಲಿನ ಆಭರಣವನ್ನೆಲ್ಲ ತೆಗೆಯುತ್ತಾರೆ, ಮತ್ತೆ ಹಾಕುವುದಿಲ್ಲ. ಕೆಲವರು ಮಾರಿ ಮನೆಗೆ ಬಳಸುತ್ತಾರೆ, ಕೆಲವರು ಮಗಳಿಗೆ ಕೊಡುತ್ತಾರೆ. ಮನಸ್ಸಿದ್ದವರು ಒಂದು ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ ಸಭೆಗೆ ಕೊಡುತ್ತಾರೆ. ಕೊಡಲೇಬೇಕೆಂದು ಅಲ್ಲಿನ ಪಾಸ್ಟರ್ ಯಾರನ್ನೂ ಒತ್ತಾಯಿಸಿದ್ದು ನಾನು ಕಂಡಿಲ್ಲ. ಒತ್ತಾಯಿಸಿದವರು ನನ್ನ ಗಂಡ, ಅದೂ ಮೆತ್ತಗೆ. ಆಗ ಪ್ರಾರ್ಥನಾ ಮನೆಗೆ ತಗಡಿನ ಮಾಡು ಹಾಕಿಸುವ ಮಾತು ನಡೆದಿತ್ತು. ರೊಟ್ಟಿ ತಟ್ಟುವ ನನ್ನ ಮುಂದೆ ಬಂದು ಕುಳಿತರು.

"ಮೈಮ್ಯಾಲೆ ಬಂಗಾರ ಇದ್ದರ ಮನಸ್ಸು ಅದರ ಮ್ಯಾಲೇ ಇರತೈತಿ. ಎಲ್ಲಾ ಕೊಟ್ಟಬಿಡೂಣು. ನನಗ ಅವ ಹೊಸ ಜೀವಾನ ಕೊಟ್ಟಾನ."

ಕುಡಿದು ಬಂದು ಹೊಡೆಯುತ್ತಿದ್ದ ಮನುಷ್ಯ ಹೀಗೆ ಎದುರಿಗೆ ಕುಳಿತು ಬೇಡಿಕೊಂಡರೆ ಯಾವ ಹೆಂಡತಿ ಒಲ್ಲೆ ಎನ್ನುತ್ತಾಳೆ? ಆಯ್ತು ಎಂದೆ. ಆದರೆ ಹೊಟ್ಟೆಯೊಳಗಿನ ಹೆಂಗಸು ಬೇರೆಯೇ ಒಬ್ಬಳಿದ್ದಳು. ಇವರು ಮತ್ತೆ ಕುಡಿಯಲು ಶುರು ಮಾಡಿದರೆ? ನಾಳೆ ನನಗೆ ಯಾರಿದ್ದಾರೆ? ಮರುವಾರ ತವರಿಗೆ ಹೋಗುತ್ತೇನೆಂದು ಹೇಳಿ ಸವದತ್ತಿಯ ಬಸ್ಸು ಹತ್ತಿದೆ. ಗುಡ್ಡದ ದೇವಿಯ ದರ್ಶನಕ್ಕೆ ಬರುವ ಜನರಿಗಾಗಿ ಅಲ್ಲಿನ ಪೇಟೆಯಲ್ಲಿ ಒಂದು ಗ್ರಾಂ ಬಂಗಾರದ ಸಾಮಾನು ರಾಶಿ ರಾಶಿ ಇಟ್ಟಿರುತ್ತಾರೆ, ಮೇಲೆ ಬಂಗಾರದ ನೀರು, ಒಳಗೆ ತಾಮ್ರ. ನನ್ನ ಬೋರಮಾಳದ್ದೇ ಗಾತ್ರದ ಒಂದು ಸರ, ನಾಲ್ಕು ಪಾಟ್ಲಿ ಆರಿಸಿದೆ. ಅಲ್ಲಿಂದ ಸೀದಾ ಕಿತ್ತೂರಿನ ಕಡೆ ಹೋಗಿ ಖರೇ ಬಂಗಾರವನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ಟ್ರಂಕಿನ ತಳದಲ್ಲಿಟ್ಟಳು. ಇಡುವಾಗ ನನ್ನ ಮುಖ ನೋಡಲಿಲ್ಲ.

ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ದೀಕ್ಷಾಸ್ನಾನ ಆಯಿತು. ಅವತ್ತು ನಾವು ನಾಲ್ಕು ಜನ ಹೆಂಗಸರು. ಬಿಳಿ ಚೀಲ ನನ್ನ ಮುಂದೆ ಬಂದಾಗ ಮೊದಲು ತಾಳಿ ಹಾಕಿದೆ. ತಾಳಿ ಮಾತ್ರ ಖರೇ ಇತ್ತು. ಗಂಡ ಕೊಟ್ಟದ್ದನ್ನು ಕೊಡುತ್ತೇನೆ, ಅವ್ವ ಕೊಟ್ಟದ್ದನ್ನು ಕೊಡುವುದಿಲ್ಲ ಎಂದು ನನ್ನೊಳಗೆ ನಾನೇ ಒಂದು ನ್ಯಾಯ ಮಾಡಿಕೊಂಡಿದ್ದೆ. ಆಮೇಲೆ ಸವದತ್ತಿಯ ಸಾಮಾನು ಹಾಕಿದೆ. ಬೀಳುವಾಗ ಅದರ ಸದ್ದೇ ಬೇರೆ ಬಂತು. ಅದು ನನಗೊಬ್ಬಳಿಗೇ ಕೇಳಿಸಿತು ಅಂದುಕೊಂಡು ನೀರಿಗೆ ಇಳಿದೆ. ಕಣ್ಣು ಮುಚ್ಚಿ ಮುಳುಗಿ ಎದ್ದೆ. ಅತ್ತೆ ದಂಡೆಯ ಮೇಲೆ ನಿಂತು ನನ್ನ ಬರಿ ಕೊರಳು ನೋಡಿ ಅಳುತ್ತಿದ್ದರು.

ನಾಲ್ಕು ವಾರ ನನಗೆ ಊಟ ಸೇರಲಿಲ್ಲ. ಬಂಗಾರ ಕರಗಿಸುವ ಪತ್ತಾರನ ಕೈಗೆ ಹೋದ ಕೂಡಲೇ ಬಯಲಾಗುತ್ತದೆ, ಪಾಸ್ಟರ್ ಬಾಗಿಲಿಗೆ ಬರುತ್ತಾರೆ, ಗಂಡ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ದಿನಾ ಕಾದೆ. ಯಾರೂ ಬರಲಿಲ್ಲ. ನಾಲ್ಕು ಜನರದ್ದನ್ನೂ ಒಟ್ಟಿಗೆ ಕರಗಿಸಿರಬೇಕು, ತೂಕ ಸ್ವಲ್ಪ ಕಡಿಮೆ ಬಂದಿರಬೇಕು, ಯಾರದ್ದೆಂದು ತಿಳಿದಿರಲಿಕ್ಕಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಮಾಡು ಏರಿತು. ಹೊಸ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಕೆಳಗೆ ಎಂಟು ವರ್ಷ, ಭಾನುವಾರ ಒಂದೂ ಬಿಡದೆ ಕುಳಿತೆ.

ಕುಳಿತದ್ದಕ್ಕಿಂತ ಕೇಳಿದ್ದು ಕಷ್ಟ. ನಮ್ಮ ಸಭೆಯಲ್ಲಿ ಪಾಸ್ಟರ್ ಮಾಡುವ ಪ್ರಸಂಗಕ್ಕೆ ಮೊದಲು ಒಬ್ಬರಾದರೂ ಎದ್ದು ನಿಂತು ತಮ್ಮ ಬಾಳಿನಲ್ಲಿ ದೇವರು ಮಾಡಿದ್ದನ್ನು ಸಾಕ್ಷಿ ಹೇಳುತ್ತಾರೆ. ನನ್ನ ಗಂಡನಿಗೆ ಇದ್ದದ್ದು ಎರಡೇ ಸಾಕ್ಷಿ. ಒಂದು ಕುಡಿತ ಬಿಟ್ಟದ್ದು. ಇನ್ನೊಂದು, ನನ್ನ ಹೆಂಡತಿ ತವರಿನ ಬಂಗಾರವನ್ನೆಲ್ಲ ಕಣ್ಣೀರು ಹಾಕದೆ ಚೀಲಕ್ಕೆ ಹಾಕಿದಳು ಎಂಬುದು. ರಾಮದುರ್ಗದ ಕೂಟದಲ್ಲಿ ಹೇಳಿದರು, ಮುನವಳ್ಳಿಯಲ್ಲಿ ಹೇಳಿದರು, ಫ್ಯಾಕ್ಟರಿಯ ಗೇಟಿನಲ್ಲಿ ಚಹಾ ಕುಡಿಯುತ್ತ ಹೇಳಿದರು. ಹೇಳುವಾಗ ನನ್ನ ಕಡೆ ನೋಡುತ್ತಿದ್ದರು. ಮದುವೆಯಾದಾಗಿನಿಂದ ಅಷ್ಟು ಹೆಮ್ಮೆಯಿಂದ ಅವರು ನನ್ನನ್ನು ನೋಡಿದ್ದು ಆ ಸುಳ್ಳಿಗಾಗಿಯೇ. ನಾನು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ. ಅದನ್ನೂ ಜನ ವಿನಯ ಎಂದರು.

ಹಂಗಾಮಿನಲ್ಲಿ ಭಾನುವಾರ ಕೆಲಸಕ್ಕೆ ಬಂದರೆ ಎರಡು ಪಟ್ಟು ಪಗಾರ. ಅವರು ಹೋಗಲಿಲ್ಲ. ಹೆಡ್ ಫಿಟ್ಟರ್ ಮಾಡುತ್ತೇವೆ, ಭಾನುವಾರ ಬರಬೇಕು ಎಂದರೂ ಒಲ್ಲೆ ಎಂದರು. ನಾನು ಗೊಣಗುತ್ತಿದ್ದೆ. ಸ್ವಂತ ಮನೆಯಿಲ್ಲ, ಸೋರುವ ಬಾಡಿಗೆ ಮನೆ, ನಾಳೆಗೆಂದು ಒಂದು ಕಾಸಿಲ್ಲ. ನಾಳೆಯ ಮಾತು ಎತ್ತಿದರೆ ನಗುತ್ತಿದ್ದರು. ಎಲ್ಲ ಕೊಟ್ಟವಳು ನೀನೇ ಹೀಗೆ ಅಂದರೆ ಹೇಗೆ ಎಂದು ನನ್ನನ್ನೇ ಚೇಷ್ಟೆ ಮಾಡುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ.

ಕಳೆದ ಹಂಗಾಮಿನಲ್ಲಿ ಅವರಿಗೆ ಏದುಸಿರು ಶುರುವಾಯಿತು. ಹತ್ತಿಯ ಧೂಳು ಎಂದುಕೊಂಡೆವು. ಮೊದಲು ಏಣಿ ಹತ್ತುವಾಗ ಬಂತು, ಆಮೇಲೆ ನಡೆಯುವಾಗ, ಆಮೇಲೆ ಮಲಗಿದಾಗಲೂ. ಕಾಲು ಬಾತುಕೊಂಡವು. ಧಾರವಾಡದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ನೋಡಿ ಹೇಳಿದರು, ಎದೆಯ ವಾಲ್ವು ಕೆಟ್ಟಿದೆ, ಬೇರೆ ಹಾಕಬೇಕು, ಎರಡು ಮೂರು ತಿಂಗಳಿಗಿಂತ ಹೆಚ್ಚು ತಡಮಾಡಬೇಡಿ. ಫ್ಯಾಕ್ಟರಿಯ ಪಗಾರದಿಂದಾಗಿ ನಮ್ಮದು ಎಪಿಎಲ್ ಕಾರ್ಡು. ಸರ್ಕಾರ ಸುಮಾರು ಮೂರನೇ ಒಂದು ಪಾಲು ಕೊಡುತ್ತದೆ, ಉಳಿದದ್ದು ನಾವು ಕಟ್ಟಬೇಕು. ಕೌಂಟರಿನ ಹುಡುಗಿ ಆ ಮೊತ್ತವನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ಅದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ದೇವರಲ್ಲ, ಅವ್ವನ ಟ್ರಂಕು. ಬೋರಮಾಳ, ಪಾಟ್ಲಿ ಮಾರಿದರೆ ಇವತ್ತಿನ ದರಕ್ಕೆ ಸಾಕಾಗುತ್ತಿತ್ತು.

ಸಾಕಾಗುತ್ತಿತ್ತು ಎಂಬುದೇ ನನ್ನನ್ನು ಕೊಂದಿತು. ಇಲ್ಲದಿದ್ದರೆ ಇಲ್ಲ ಎಂದು ಅತ್ತು ಸುಮ್ಮನಾಗಬಹುದಿತ್ತು. ಈಗ ನನ್ನ ಬಾಯಿ ತೆರೆದರೆ ಗಂಡ ಬದುಕುತ್ತಾರೆ, ಮುಚ್ಚಿಕೊಂಡರೆ ಸಾಯುತ್ತಾರೆ. ಆದರೂ ಮೂರು ದಿನ ಮುಚ್ಚಿಕೊಂಡಿದ್ದೆ. ಅಂಥ ಹೆಂಗಸು ನಾನು.

ಮೂರನೇ ದಿನ ಬೆಳಿಗ್ಗೆ ವಾರ್ಡು ಗುಡಿಸುವ ಆಯಾ ನನ್ನ ಕೊರಳು ನೋಡಿ ಹತ್ತಿರ ಬಂದಳು. ಒಳ್ಳೆಯ ಮನಸ್ಸಿನ ಹೆಂಗಸು, ತನ್ನ ಡಬ್ಬಿಯ ರೊಟ್ಟಿಯಲ್ಲಿ ನನಗೂ ಪಾಲು ಕೊಡುತ್ತಿದ್ದಳು.

"ಅಣ್ಣಾರು ನಿಮಗೇನಾಗಬೇಕ್ರಿ? ನಿಮ್ಮ ಮನಿಯವರು ಹೋಗಿ ಭಾಳ ದಿವಸಾತೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಮಂಚದಿಂದ ಅವರು ಉಸಿರು ಎಳೆದುಕೊಂಡು ಹೇಳಿದರು, "ನಾನ ಆಕಿ ಗಂಡ. ಇನ್ನೂ ಜೀವಂತ ಅದೀನವ್ವ." ಹೇಳಿ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಆಯಾ ನಾಚಿಕೊಂಡು ಪೊರಕೆ ಎತ್ತಿಕೊಂಡು ಹೋದಳು. ಅತ್ತೆ ಮೂಲೆಯಲ್ಲಿ ಕುಳಿತು ಎಲ್ಲ ಕೇಳಿದವರು, ಎದ್ದು ಹೊರಗೆ ಹೋಗಿ, ಆಸ್ಪತ್ರೆಯ ಎದುರಿನ ಅಂಗಡಿಯಿಂದ ಒಂದು ಕರಿಮಣಿ ಸರ ತಂದರು. ಅದನ್ನು ನನ್ನ ಕೈಯಲ್ಲಿಟ್ಟು, ಇದನ್ನಾದರೂ ಹಾಕಿಕೋ, ನನ್ನ ಮಗ ಇನ್ನೂ ಉಸಿರಾಡುತ್ತಿದ್ದಾನೆ ಎಂದು ಕೈಮುಗಿದರು. ಹಿರಿಯ ಜೀವ ಸೊಸೆಗೆ ಕೈಮುಗಿಯುವುದೆಂದರೆ ಏನು! ನಾನು ಹಾಕಿಕೊಳ್ಳಬೇಕೆಂದು ಕೈ ಎತ್ತಿದೆ. ನನ್ನ ಗಂಡ ಮಂಚದಿಂದ ನೋಡುತ್ತಿದ್ದರು. ಬೇಡ ಎನ್ನಲಿಲ್ಲ, ಸುಮ್ಮನೆ ನೋಡುತ್ತಿದ್ದರು, ಸಾಕ್ಷಿ ಹೇಳುವಾಗ ನೋಡುವ ಹಾಗೆಯೇ. ನನ್ನಿಂದ ಆಗಲಿಲ್ಲ. ಕರಿಮಣಿ ಅತ್ತೆಯ ಮಡಿಲಿಗೆ ಹಾಕಿ ಕಿತ್ತೂರಿನ ಬಸ್ಸು ಹಿಡಿಯಲು ಓಡಿದೆ.

ಸಂಜೆಯೊಳಗೆ ಬಂಗಾರ ತಂದು ಗಂಡನ ಹಾಸಿಗೆಯ ಮೇಲೆ ಟವೆಲ್ ಬಿಚ್ಚಿ ಇಟ್ಟೆ. ಅಜ್ಜಿಯ ಬೋರಮಾಳ, ಅವ್ವನ ನಾಲ್ಕು ಪಾಟ್ಲಿ. ಅತ್ತೆಗೆ ಕೇಳಿಸಿದರೂ ಕೇಳಿಸಲಿ ಎಂದು ಎಲ್ಲ ಹೇಳಿದೆ, ಸವದತ್ತಿಯ ಪೇಟೆಯಿಂದ ಹಿಡಿದು ಇವತ್ತಿನವರೆಗೆ. ಅವರು ಬೈಯಲಿ ಎಂದು ಕಾದೆ. ಮೊದಲಿನ ಹಾಗೆ ಕೈ ಎತ್ತಲಿ ಎಂದೂ ಕಾದೆ, ಎತ್ತಲು ಶಕ್ತಿಯಿದ್ದರೆ ಒಳ್ಳೆಯದೇ ಆಯಿತಲ್ಲ. ಅವರು ಬಂಗಾರ ಮುಟ್ಟಲಿಲ್ಲ.

"ಎಂಟು ವರ್ಷ ನಾ ಊರೂರು ಹೇಳೇನಿ," ಎಂದರು. "ಅಷ್ಟೂ ಸುಳ್ಳ ಹೇಳಿದಂಗಾತಲ್ಲ."

ತಪ್ಪು ನನ್ನದು, ನಿಮ್ಮದಲ್ಲ ಎಂದೆ. ನಾಳೆಯೇ ಮಾರಿ ಹಣ ಕಟ್ಟುತ್ತೇನೆ, ನೀವು ಎದ್ದು ಬನ್ನಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಅದು ನಮ್ಮದಲ್ಲ, ಕೊಟ್ಟಾಗಿದೆ ಎಂದರು. ನನಗೆ ತಲೆ ಕೆಟ್ಟುಹೋಯಿತು.

"ದೇವರಿಗೆ ಬಂಗಾರ ಬೇಕಾಗೇತೇನ್ರಿ? ನಿಮ್ಮ ಜೀವ ಬ್ಯಾಡೇನು ಅವಗ?"

"ಅವಗ ಬೇಕಂತ ನಾ ಕೊಡಲಿಲ್ಲ. ನಮಗ ಬ್ಯಾಡಂತ ಕೊಟ್ಟೆ."

ಅಷ್ಟು ಹೇಳಿ ಮಗ್ಗುಲಾದರು. ಅತ್ತೆ ಮಗನ ಕಾಲು ಹಿಡಿದು ಅತ್ತರು, ಕೇಳಲಿಲ್ಲ. ಡಾಕ್ಟರರು ಬಂದು ಗದರಿದರು, ಕೇಳಲಿಲ್ಲ. ಎರಡು ದಿನ ನಾನು ದೇವರ ಜೊತೆ ಜಗಳಕ್ಕೆ ನಿಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರನ್ನು ಕುಡುಕನಾಗಿಯೇ ಇಟ್ಟಿದ್ದರೂ ಆಗುತ್ತಿತ್ತು, ಅವನಾದರೂ ಬದುಕಲು ಬಂಗಾರ ಮಾರುತ್ತಿದ್ದ ಎಂದೆ. ಇಂಥ ಭಕ್ತಿ ಯಾರಿಗೆ ಬೇಕಿತ್ತು ಎಂದೆ. ಆಕಾಶದಿಂದ ಏನೂ ಬರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕುಳಿತ ಯಾರದೋ ಅಜ್ಜ ನನ್ನ ಕಡೆ ತಿರುಗಿ ನೋಡಿ ಮತ್ತೆ ಆ ಕಡೆ ತಿರುಗಿದ.

ನನ್ನ ಗಂಡ ಯಾರ ಮಾತಾದರೂ ಕೇಳುವುದಾದರೆ ಅದು ಪಾಸ್ಟರ್ ಮಾತು ಒಂದೇ. ಪಾಸ್ಟರ್ ಎರಡು ವರ್ಷದ ಹಿಂದೆ ನಮ್ಮ ಸಭೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಸುರೇಬಾನದ ಕಡೆ ನಾಲ್ಕು ಮನೆಯವರನ್ನು ಕೂಡಿಸಿಕೊಂಡು ಹೊಸ ಸಭೆ ನಡೆಸಲು ಹೋಗಿದ್ದರು. ಅವರ ಕಾಲಿಗೆ ಬೀಳುತ್ತೇನೆ, ಈ ಬಂಗಾರ ಬಳಸಿಕೊಳ್ಳಿ ಎಂದು ಅವರ ಬಾಯಿಂದಲೇ ಗಂಡನಿಗೆ ಹೇಳಿಸುತ್ತೇನೆ ಎಂದು ಹೊರಟೆ. ಬಂಗಾರವನ್ನು ರೊಟ್ಟಿಯ ಡಬ್ಬಿಯಲ್ಲಿ ಹಾಕಿಕೊಂಡು, ಸವದತ್ತಿ ದಾಟಿ, ರಾಮದುರ್ಗದಲ್ಲಿ ಬಸ್ಸು ಬದಲಿಸಿ ಸುರೇಬಾನಕ್ಕೆ ಹೋದೆ. ಪಕ್ಕದಲ್ಲಿ ಕುಳಿತವಳು ಎಷ್ಟು ವರ್ಷವಾಯಿತು ಎಂದು ಕೇಳಿದಳು. ಅವತ್ತು ನನಗೆ ಎದೆ ಒಡೆದು ಅಳು ಬಂತು. ಅವಳು ನನ್ನ ಬೆನ್ನು ಸವರುತ್ತ ರಾಮದುರ್ಗದವರೆಗೆ ಬಂದಳು.

ಪಾಸ್ಟರ್ ಮನೆ ಎಂದರೆ ಒಂದು ಕೋಣೆ, ಒಂದು ಪಡಸಾಲೆ. ಪಾಸ್ಟರಮ್ಮ, ಎಂದರೆ ಅವರ ಹೆಂಡತಿ, ನನ್ನನ್ನು ಕಂಡು ಚಹಾಕ್ಕೆ ಇಟ್ಟರು. ನಾನು ಕುಳಿತುಕೊಳ್ಳಲಿಲ್ಲ. ನಿಂತಲ್ಲಿಯೇ ಡಬ್ಬಿ ತೆರೆದು ಇಬ್ಬರ ಮುಂದೆ ಇಟ್ಟು, ಎಂಟು ವರ್ಷದ ಹಿಂದೆ ಚೀಲಕ್ಕೆ ಹಾಕಿದ್ದು ಸವದತ್ತಿಯ ಸಾಮಾನು, ಖರೇ ಇದು ಎಂದೆ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಪಾಸ್ಟರ್ ಡಬ್ಬಿಯ ಮುಚ್ಚಳ ಹಾಕಿದರು.

"ಅವತ್ತ ಗೊತ್ತಾಗಿತ್ರಿ ಅಕ್ಕಾರ. ಬೋರಮಾಳ ಹಾಕಿದವರು ನೀವೊಬ್ಬರ. ಪತ್ತಾರ ಕಲ್ಲಿಗೆ ತಿಕ್ಕಿದವನ ನನ್ನ ಮುಖಾ ನೋಡಿದ."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅವರು ಉಳಿದದ್ದನ್ನು ಹೇಳಿದರು. ಆಗಲೇ ತಗಡು ಬಂದು ಬಿದ್ದಿತ್ತು, ವೆಲ್ಡಿಂಗಿನವರು ಕೆಲಸ ಹಿಡಿದಿದ್ದರು. ಕಡಿಮೆ ಬಿತ್ತು ಎಂದು ಸಭೆಯ ಮುಂದೆ ಹೇಳಿದರೆ, ನಾಲ್ಕು ಜನರಲ್ಲಿ ಯಾರದ್ದು ಎಂದು ಹುಡುಕುತ್ತಾರೆ; ಒಬ್ಬ ಹೆಂಗಸಿನ ಮಾನ ಹೋಗುತ್ತದೆ. ತಮ್ಮ ಮೋಟಾರ್ ಸೈಕಲ್ ಮಾರಿದರು. ಅದು ಸಾಲಲಿಲ್ಲ. ಪಾಸ್ಟರಮ್ಮನಿಗೆ ರಾಮದುರ್ಗದ ಹತ್ತಿರ ತವರಿನಿಂದ ಬಂದ ಹೊಲದ ಪಾಲಿತ್ತು, ಅದನ್ನೂ ಮಾರಿದರು. ಪಾಸ್ಟರ್ ಸೈಕಲ್ ತುಳಿಯುವುದನ್ನು ಕಂಡು, ಸರಳತೆ ತೋರಿಸಲಿಕ್ಕೆ ಹೀಗೆ ಮಾಡುತ್ತಾರೆ ಎಂದು ನಾವೆಲ್ಲ ನಗೆಯಾಡಿದ್ದೆವು. ನಾನೂ ನಗೆಯಾಡಿದ್ದೆ.

ನನ್ನನ್ನು ಏಕೆ ಕೇಳಲಿಲ್ಲ ಎಂದೆ.

"ನೀವ ಬಂದು ಹೇಳತೀರಿ ಅಂತ ಕಾದೆ. ಒಂದು ವಾರ ಅಂದೆ, ಒಂದು ತಿಂಗಳ ಅಂದೆ. ಆಮ್ಯಾಲ ಕೇಳಾಕ ನನಗ ಬಾಯಿ ಬರಲಿಲ್ಲ. ನಿಮ್ಮ ಯಜಮಾನ್ರು ಸಾಕ್ಷಿ ಹೇಳಿದಾಗೆಲ್ಲಾ ನಾನೂ ಆಮೆನ್ ಅಂದೇನಿ ಅಕ್ಕಾರ. ಆ ಪಾಪ ನಂದು."

ಅಷ್ಟರಲ್ಲಿ ಅವರ ಮಗಳು ಬಂದಳು. ಊರಲ್ಲಿ ಸೀರೆ ನೇಯುವ ಪವರ್‌ಲೂಮಿನಲ್ಲಿ ಪಾಳಿ ಮುಗಿಸಿ ಬಂದಿದ್ದಳು, ತಲೆಯ ಮೇಲೆಲ್ಲ ನೂಲಿನ ಧೂಳು. ನನ್ನ ಕಣ್ಣಿಗೆ ಅವಳಿನ್ನೂ ಫ್ರಾಕು ಹಾಕಿಕೊಂಡು ಸಭೆಯಲ್ಲಿ ಹಾಡುತ್ತಿದ್ದ ಹುಡುಗಿ. ಪಿಯುಸಿಯಲ್ಲಿ ಒಳ್ಳೆಯ ನಂಬರ್ ಬಂದಿತ್ತಂತೆ, ನರ್ಸಿಂಗಿಗೆ ಸೇರಬೇಕೆಂದಿದ್ದಳಂತೆ. ಏಕೆ ಸೇರಲಿಲ್ಲ ಎಂದು ನಾನು ಕೇಳಲಿಲ್ಲ. ಆ ಹೊಲವನ್ನು ಇಟ್ಟುಕೊಂಡಿದ್ದದ್ದು ಯಾರಿಗಾಗಿ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಹುಡುಗಿ ನನಗೆ ನಮಸ್ಕಾರ ಮಾಡಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಚಹಾ ಒಲೆಯ ಮೇಲೆಯೇ ಆರಿತು.

ಮರುದಿನ ಗಂಡಹೆಂಡತಿ ಇಬ್ಬರೂ ನನ್ನ ಜೊತೆ ಧಾರವಾಡಕ್ಕೆ ಬಂದರು. ಪಾಸ್ಟರ್ ನನ್ನ ಗಂಡನ ಹಾಸಿಗೆಯ ಪಕ್ಕಕ್ಕೆ ಕುಳಿತು ಎಲ್ಲ ಹೇಳಿ ಕ್ಷಮೆ ಕೇಳಿದರು. ಈ ಬಂಗಾರದಿಂದ ನೀವು ಉಳಿದರೆ ದೇವರು ಬೇಡ ಎನ್ನುವುದಿಲ್ಲ, ಸಭೆಯ ಪರವಾಗಿ ನಾನೇ ಹೇಳುತ್ತೇನೆ ಎಂದರು. ನಾನು ಕೇಳಲು ಹೋದದ್ದು ಅದೇ ಮಾತು. ಅದು ಬಂತು. ನನ್ನ ಎದೆ ಹಗುರಾಯಿತು, ಒಂದು ಗಳಿಗೆ.

ನನ್ನ ಗಂಡ ಪಾಸ್ಟರಮ್ಮನ ಕಡೆ ತಿರುಗಿ, ಹೊಲ ಎಷ್ಟಿತ್ತು ಎಂದು ಕೇಳಿದರು. ಆಮೇಲೆ ಮಗಳು ಈಗ ಏನು ಮಾಡುತ್ತಾಳೆ ಎಂದು ಕೇಳಿದರು. ಪಾಸ್ಟರಮ್ಮ ಸುಳ್ಳು ಹೇಳಬೇಕೆಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅವರು ಸುಳ್ಳು ಹೇಳುವವರಲ್ಲ. ಪವರ್‌ಲೂಮಿಗೆ ಹೋಗುತ್ತಾಳೆ ಎಂದರು. ನನ್ನ ಗಂಡ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಪಾಸ್ಟರಮ್ಮನ ಮಡಿಲಲ್ಲಿಟ್ಟರು. ಅಷ್ಟಕ್ಕೇ ಇವರಿಗೆ ಉಸಿರು ಮೇಲೆ ಕೆಳಗೆ ಆಯಿತು.

"ಆ ಕೂಸು ಓದಲಿ. ಒಲ್ಲೆ ಅಂದರ ಮುನವಳ್ಳಿ ಹೊಳ್ಯಾಗ ಚೆಲ್ಲತೇನಿ, ಆಪರೇಷನ್ ಅಂತೂ ಇದರಾಗ ಆಗೂದಿಲ್ಲ."

ಪಾಸ್ಟರಮ್ಮ ಅತ್ತರು. ಒಂದು ತಿಂಗಳು ಹಾಗೆಯೇ ಇಟ್ಟಿರುತ್ತೇನೆ, ಮನಸ್ಸು ಬದಲಾದರೆ ಒಂದು ಫೋನ್ ಮಾಡಿ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಆದರೆ ತೆಗೆದುಕೊಂಡರು. ಅವರು ತೆಗೆದುಕೊಂಡದ್ದಕ್ಕೆ ನನಗೆ ಅವರ ಮೇಲೆ ಬೆಂಕಿಯಂಥ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಅವರ ಜಾಗದಲ್ಲಿ ನಾನಿದ್ದರೂ ತೆಗೆದುಕೊಳ್ಳುತ್ತಿದ್ದೆ. ಮಗಳಿದ್ದವರು ಯಾರಾದರೂ ತೆಗೆದುಕೊಳ್ಳುತ್ತಾರೆ.

ಆ ತಿಂಗಳು ನಾನು ಬದುಕಿದ್ದು ಹೇಗೋ ಗೊತ್ತಿಲ್ಲ. ಆಸ್ಪತ್ರೆಯವರು ಗುಳಿಗೆ ಕೊಟ್ಟು ಇವರನ್ನು ಮನೆಗೆ ಕಳಿಸಿದ್ದರು. ದಿನಾ ಬೆಳಿಗ್ಗೆ ಅವರ ಮುಖ ನೋಡುವುದು, ಇವತ್ತಾದರೂ ಹೂಂ ಅನ್ನುತ್ತಾರೆಯೇ ಎಂದು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅವರ ಲೆಕ್ಕದಲ್ಲಿ ಮಗನನ್ನು ಕೊಲ್ಲುತ್ತಿರುವವಳು ನಾನು. ಅವತ್ತೇ ಚೀಲಕ್ಕೆ ಹಾಕಿದ್ದರೂ ಬಂಗಾರ ಇರುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು, ಆದರೆ ತಪ್ಪನ್ನು ಯಾರ ಮೇಲಾದರೂ ಹಾಕಬೇಕಲ್ಲ. ಫ್ಯಾಕ್ಟರಿಯ ಗೆಳೆಯರು ವಂತಿಗೆ ಎತ್ತತೊಡಗಿದರು. ಅದನ್ನು ನನ್ನ ಗಂಡ ಬೇಡ ಎನ್ನಲಿಲ್ಲ, ಕೈಮುಗಿದು ತೆಗೆದುಕೊಂಡರು. ಇನ್ನೂ ಅರ್ಧಕ್ಕೂ ಬಂದಿಲ್ಲ. ತಿಂಗಳು ಮುಗಿದ ಮೇಲೆ ಹುಡುಗಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಆಯಿತೆಂದು ಪಾಸ್ಟರ್ ಫೋನ್ ಮಾಡಿದರು. ನನ್ನ ಗಂಡ ಫೋನಿನಲ್ಲಿಯೇ ಹುಡುಗಿಗಾಗಿ ಪ್ರಾರ್ಥನೆ ಮಾಡಿದರು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಎರಡು ವಾರದ ಹಿಂದೆ ಭಾನುವಾರ ಅವರು ಪ್ರಾರ್ಥನಾ ಮನೆಗೆ ಹೋಗಲೇಬೇಕು ಎಂದರು. ಆಟೋದಲ್ಲಿ ಹೋದೆವು. ಸಾಕ್ಷಿಯ ಹೊತ್ತು ಬಂದಾಗ ಅವರಿಗೆ ಏಳಲು ಆಗಲಿಲ್ಲ. ನಾನು ಎದ್ದೆ. ಹೇಳೆಂದು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ಚೀಲಕ್ಕೆ ಹಾಕಿದ್ದೇನು, ಹಾಕದ್ದೇನು, ಯಾರ ಹೊಲ ಹೋಯಿತು, ಯಾರ ಓದು ನಿಂತಿತ್ತು, ಎಲ್ಲ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಸ್ತೋತ್ರ ಹೇಳಿ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ನನ್ನ ಬಾಯಿ ನಿಲ್ಲಲಿಲ್ಲ. ನನಗೆ ಪಶ್ಚಾತ್ತಾಪ ಆಗಿದೆ, ಆದರೆ ಆ ಬಂಗಾರ ಈ ಕ್ಷಣ ನನ್ನ ಕೈಗೆ ವಾಪಸ್ಸು ಬಂದರೆ ಈ ಕ್ಷಣವೇ ಮಾರುತ್ತೇನೆ, ನನಗೆ ನನ್ನ ಗಂಡ ಬೇಕು, ಸ್ವರ್ಗದಲ್ಲಿ ಅಲ್ಲ, ಬೈಲಹೊಂಗಲದಲ್ಲಿ ಬೇಕು ಎಂದೆ. ಯಾರೂ ಆಮೆನ್ ಎನ್ನಲಿಲ್ಲ. ಹೊಸ ಪಾಸ್ಟರ್ ತಲೆ ತಗ್ಗಿಸಿದರು. ನಾನು ಕುಳಿತೆ.

ಮರಳಿ ಹೋಗುವಾಗ ನನ್ನ ಗಂಡ ಆಟೋ ಬೇಡ, ನಡೆಯೋಣ ಎಂದರು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು. ನಾನು ಹೇಳಿದ್ದಕ್ಕೆ ಸಿಟ್ಟಾಗಿದ್ದಾರೆ ಎಂದುಕೊಂಡು ಸುಮ್ಮನೆ ತೋಳು ಹಿಡಿದು ನಡೆದೆ. ಫ್ಯಾಕ್ಟರಿಯ ಕಾಂಪೌಂಡಿನ ಗೋಡೆಯ ಹತ್ತಿರ ಅವರು ಗೋಡೆಗೆ ಬೆನ್ನು ಕೊಟ್ಟು ನಿಂತರು. ಮುಖವೆಲ್ಲ ಬೆವರಿತ್ತು. ಖರೇನೇ ಮಾರುತ್ತಿದ್ದೆಯಾ ಎಂದು ಕೇಳಿದರು. ಮಾರುತ್ತಿದ್ದೆ ಎಂದೆ.

ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ನನ್ನ ಗಂಡ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ನನಗೂ ಸಾಯಾಕ ಮನಸ್ಸಿಲ್ಲ," ಎಂದರು.

ಅವರ ಉಸಿರು ಮರಳಿ ಬರುವವರೆಗೆ ಅಲ್ಲಿಯೇ ನಿಂತೆವು.